ತುಂಡಾದರೂ ತಪ್ಪು ಹೇಳದ ಸುದ್ದಿ: ಜಿಲ್ಲಾ ಮಟ್ಟದ ಡಿಜಿಟಲ್ ಡೆಸ್ಕಿಗೊಂದು ಕೈಪಿಡಿ

ಮಳೆಗಾಲದ ಒಂದು ರಾತ್ರಿ ಒಂಬತ್ತಕ್ಕೆ ನಿಮ್ಮ ಡೆಸ್ಕಿನಿಂದ ಹೀಗೊಂದು ತಲೆಬರಹ ಹೊರಟಿತು ಎಂದುಕೊಳ್ಳಿ: ‘ಕೊಡಗು ಜಿಲ್ಲೆಯಾದ್ಯಂತ ಭಾರಿ ಮಳೆ ಹಿನ್ನೆಲೆ: ನಾಳೆ ಶಾಲಾ ಕಾಲೇಜುಗಳಿಗೆ ರಜೆ ಇಲ್ಲ, ಜಿಲ್ಲಾಧಿಕಾರಿ ಸ್ಪಷ್ಟನೆ’. ವ್ಯಾಕರಣ ಸರಿ, ಮಾಹಿತಿಯೂ ಸರಿ. ಆದರೆ ವಾಟ್ಸ್‌ಆ್ಯಪ್ ಗ್ರೂಪಿಗೆ ಬಿದ್ದಾಗ ಪ್ರಿವ್ಯೂ ಅದನ್ನು ‘ಶಾಲಾ ಕಾಲೇಜುಗಳಿಗೆ ರಜೆ...’ ಎಂಬಲ್ಲಿಗೆ ಕತ್ತರಿಸುತ್ತದೆ. ಲಿಂಕ್ ಒತ್ತಿ ಒಳಗೆ ಬರುವವರು ಕೆಲವರು. ಪ್ರಿವ್ಯೂ ನೋಡಿಯೇ ಪಕ್ಕದ ಮನೆಗೆ ಫೋನ್ ಹಚ್ಚುವವರು ಉಳಿದವರೆಲ್ಲ.

ಇದು ಕನ್ನಡಕ್ಕೆ ಅಂಟಿಕೊಂಡ ತೊಂದರೆ. ನಮ್ಮ ಕ್ರಿಯಾಪದ ವಾಕ್ಯದ ತುದಿಗೆ ಬರುತ್ತದೆ. ‘ಇಲ್ಲ’, ‘ಅಲ್ಲ’, ‘ಬೇಡ’ ಅದಕ್ಕೂ ತುದಿಗೆ. ‘ಆರೋಪ’, ‘ಶಂಕೆ’, ‘ವದಂತಿ’ ಎಂಬ ಮಾತುಗಳನ್ನೂ ಪತ್ರಿಕೆಯ ಅಭ್ಯಾಸದಂತೆ ಕೊನೆಯಲ್ಲೇ ಇಡುತ್ತೇವೆ. ಅಂದರೆ ಅರ್ಥ ತೀರ್ಮಾನವಾಗುವ ಜಾಗವೇ ಮೊದಲು ಕತ್ತರಿಗೆ ಸಿಗುವ ಜಾಗ. ಇನ್ನು ಫೋನಿನಲ್ಲಿ ಸುದ್ದಿ ಇಡಿಯಾಗಿ ತಿರುಗುವುದು ಕಡಿಮೆ: ತಲೆಬರಹ ಒಂದು ಕಡೆ, ಫೋಟೊ ಇನ್ನೊಂದು ಕಡೆ, ಸ್ಕ್ರೀನ್‌ಶಾಟ್ ಮತ್ತೊಂದು ಕಡೆ. ಯಾವ ತುಂಡು ಒಂಟಿಯಾಗಿ ಸಿಕ್ಕರೂ ಅದು ಸುಳ್ಳು ಹೇಳಬಾರದು. ಈ ಕೈಪಿಡಿಯ ಎಲ್ಲ ಹಂತಗಳೂ ಅದಕ್ಕಾಗಿಯೇ.

ತಲೆಬರಹ

ಊರು ಅಥವಾ ಜಿಲ್ಲೆ ಮೊದಲು, ದಿನಾಂಕ ಆಮೇಲೆ, ನಿರ್ಧಾರ ಅದರ ಬೆನ್ನಿಗೆ. ಮೇಲಿನ ತಲೆಬರಹ ‘ಕೊಡಗು: ಜುಲೈ 16ಕ್ಕೆ ಶಾಲೆಗೆ ರಜೆ ಇಲ್ಲ’ ಎಂದಾದರೆ ಸಾಕು. ಭಾರಿ ಮಳೆ, ಜಿಲ್ಲಾಧಿಕಾರಿ, ಸ್ಪಷ್ಟನೆ ಎಲ್ಲ ಉಪಶೀರ್ಷಿಕೆಗೆ ಹೋಗಲಿ. ಮೊದಲ 35-40 ಅಕ್ಷರದೊಳಗೆ ‘ಇಲ್ಲ’ ಬಂದಿರಬೇಕು ಎಂಬುದನ್ನು ಡೆಸ್ಕಿನ ನಿಯಮವಾಗಿಯೇ ಇಟ್ಟುಕೊಳ್ಳಿ.

‘ಇಂದು’, ‘ನಾಳೆ’, ‘ನಿನ್ನೆ’ ಬಿಡಿ. ಪತ್ರಿಕೆಯ ನೆತ್ತಿಯ ಮೇಲೆ ದಿನಾಂಕ ಅಚ್ಚಾಗಿರುತ್ತಿತ್ತು, ಹಾಗಾಗಿ ನಡೆಯುತ್ತಿತ್ತು. ಫಾರ್ವರ್ಡಿಗೆ ನೆತ್ತಿಯೂ ಇಲ್ಲ, ದಿನಾಂಕವೂ ಇಲ್ಲ. ಹೋದ ವರ್ಷದ ‘ನಾಳೆ ರಜೆ’ ಈ ವರ್ಷದ ಮೊದಲ ದೊಡ್ಡ ಮಳೆಗೆ ಹಾಗೇ ಎದ್ದು ಬರುತ್ತದೆ.

ಆರೋಪದ ಸುದ್ದಿಯಲ್ಲಿ ಇನ್ನೂ ಎಚ್ಚರ ಬೇಕು. ‘ಪಂಚಾಯಿತಿ ಅಧ್ಯಕ್ಷರಿಂದ ನರೇಗಾ ಹಣ ದುರುಪಯೋಗ ಆರೋಪ’ ಎಂಬುದರಲ್ಲಿ ಕೊನೆಯ ಪದ ಹಾರಿಹೋದರೆ ಉಳಿಯುವುದು ನೀವೇ ಹೊರಿಸಿದ ಅಪರಾಧ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಿನಲ್ಲಿದೆ. ದೂರುದಾರರ ಕೈಯಲ್ಲಿ ಇರುವುದು ನಿಮ್ಮ ಪೂರ್ತಿ ವರದಿಯಲ್ಲ, ಆ ಸ್ಕ್ರೀನ್‌ಶಾಟ್. ‘ಆರೋಪ:’ ಎಂದೇ ಶುರು ಮಾಡಿ, ಅಥವಾ ‘ಗ್ರಾಮಸ್ಥರ ದೂರು:’ ಎನ್ನಿ.

ಪ್ರಕಟಿಸುವ ಮೊದಲು ಲಿಂಕನ್ನು ವಾಟ್ಸ್‌ಆ್ಯಪಿನಲ್ಲಿ ನಿಮಗೆ ನೀವೇ ಕಳಿಸಿ ನೋಡಿ. ಡೆಸ್ಕಿನಲ್ಲಿರುವ ಅತಿ ಅಗ್ಗದ ಫೋನಿನಲ್ಲಿ, ಅಕ್ಷರದ ಗಾತ್ರ ದೊಡ್ಡದು ಮಾಡಿಕೊಂಡು ನೋಡಬೇಕು. ನಿಮ್ಮ ಓದುಗರಲ್ಲಿ ಅರವತ್ತು ದಾಟಿದವರು ಬಹಳ, ಅವರ ಫೋನಿನಲ್ಲಿ ಅಕ್ಷರ ದೊಡ್ಡದೇ ಇರುತ್ತದೆ, ಕತ್ತರಿ ಬೇಗ ಬೀಳುತ್ತದೆ.

ಕಾಪಿ ಯೂನಿಕೋಡ್ ಆಗುವಾಗ

ಮುದ್ರಣದ ಡೆಸ್ಕುಗಳಲ್ಲಿ ಇಂದಿಗೂ ಹಳೆಯ ‘ನುಡಿ’, ‘ಬರಹ’ ಫಾಂಟುಗಳ ಕಾಪಿ ಓಡಾಡುತ್ತದೆ. ಆ ಫಾಂಟುಗಳು ಅಕ್ಷರದ ಚೂರುಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಜೋಡಿಸುತ್ತವೆ, ಎಲ್ಲ ಫೋನು, ಕಂಪ್ಯೂಟರು ಓದಬಲ್ಲ ಸಂಕೇತ ಪದ್ಧತಿಯಾದ ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ಜೋಡಿಸುತ್ತದೆ. ಅರ್ಕಾವತ್ತು ಕಣ್ಣಿಗೆ ಅಕ್ಷರದ ನಂತರ ಬರುತ್ತದೆ, ಬಾಯಿಗೆ ಮೊದಲು. ಪರಿವರ್ತಕ ಅದನ್ನು ಹಿಂದಕ್ಕೆ ಸರಿಸಲು ಮರೆತರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ, ‘ಸರ್ಕಾರ’ ಹೋಗಿ ‘ಸಕಾರ್ರ’ ಆಗುತ್ತದೆ. ಪಿಡಿಎಫ್‌ನಿಂದ ನಕಲಿಸಿದಾಗಲೂ ಇದೇ ಗತಿ. ಪರಿವರ್ತನೆ ಆದ ಕೂಡಲೇ ಕಾಪಿಯಲ್ಲಿ ‘ರ್’ ಹುಡುಕಿ, ಪ್ರತಿಯೊಂದರ ಮೇಲೂ ಕಣ್ಣಾಡಿಸಿ. ಐದು ನಿಮಿಷದ ಕೆಲಸ.

ಕಣ್ಣಿಗೆ ಕಾಣದ ತಪ್ಪು ಇನ್ನೊಂದಿದೆ, ಅದು ಇದಕ್ಕಿಂತ ಕೆಟ್ಟದ್ದು. ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ಇವೆರಡನ್ನೂ ದಿಟ್ಟಿಸಿ ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಇರುವುದು ಕನ್ನಡದ ಸೊನ್ನೆ ಅಂಕಿ. ಅನೇಕ ಫಾಂಟುಗಳಲ್ಲಿ ಎರಡೂ ಒಂದೇ ಥರ ಕಾಣುತ್ತವೆ, ಆದರೆ ಹುಡುಕಾಟಕ್ಕೆ ಇವು ಬೇರೆ ಬೇರೆ ಪದ. ಸೊನ್ನೆ ಹಾಕಿದ ವರದಿ ನಿಮ್ಮದೇ ಜಾಲತಾಣದ ಹುಡುಕು ಪೆಟ್ಟಿಗೆಯಲ್ಲೂ ಸಿಗದೇ ಹೋಗಬಹುದು. ನಿಮ್ಮ ಡೆಸ್ಕಿನಲ್ಲಿ ಅಂಕಿಗಳು 1, 2, 3 ಎಂದೇ ಇರುವುದಾದರೆ ಉಪಾಯ ಸುಲಭ: ಕನ್ನಡ ಸೊನ್ನೆ ಎಲ್ಲಿದ್ದರೂ ಅನುಸ್ವಾರಕ್ಕೆ ಬದಲಿಸುವ ಒಂದು ‘ಹುಡುಕಿ-ಬದಲಿಸಿ’ ಸಾಕು. ಇದೇ ಜಾತಿಯ ಇನ್ನೊಂದು ಎಂದರೆ ವಿಸರ್ಗದ ಬದಲು ಕೋಲನ್ ಒತ್ತುವುದು. ‘ಅಂತಃಕರಣ’ ಆಗ ‘ಅಂತ:ಕರಣ’ ಎಂದು ಎರಡು ಹೋಳಾಗುತ್ತದೆ.

ಒತ್ತಕ್ಷರ ಬೇಡದ ಕಡೆ ತಡೆಯುವ ಕಾಣದ ಅಕ್ಷರವನ್ನೂ (ZWNJ) ಕಲಿತಿರಬೇಕು. ಅದಿಲ್ಲದಿದ್ದರೆ ‘ರಾಜ್‌ಕುಮಾರ್’ ಎಂಬುದು ‘ರಾಜ್ಕುಮಾರ್’ ಆಗಿ ಕ ಒತ್ತಿನೊಡನೆ ಬೀಳುತ್ತದೆ. ‘ರ‍್ಯಾಲಿ’, ‘ರ‍್ಯಾಂಕ್’ ಬರೆಯಲು ಬೇರೆಯೇ ಕಾಣದ ಅಕ್ಷರ ಬೇಕು: ‘ರ’ ಆದ ಮೇಲೆ ಜೋಡಕ (ZWJ), ಆಮೇಲೆ ಹಲಂತ (ಸ್ವರ ತೆಗೆಯುವ ಗುರುತು). ನಿಮ್ಮ ಕೀಲಿಮಣೆಯಲ್ಲಿ ಇವೆರಡೂ ಎಲ್ಲಿವೆ ಎಂದು ಒಮ್ಮೆ ಹುಡುಕಿ, ಚೀಟಿ ಬರೆದು ಮಾನಿಟರಿಗೆ ಅಂಟಿಸಿ. ಹ್ಯಾಶ್‌ಟ್ಯಾಗಿನಲ್ಲಿ ಮಾತ್ರ ಈ ಕಾಣದ ಅಕ್ಷರಗಳು ಬೇಡುವ ಪದಗಳನ್ನೇ ಬಳಸಬೇಡಿ. ಎಲ್ಲ ಕಡೆ ಅವನ್ನು ಒಂದೇ ರೀತಿ ಓದುವುದಿಲ್ಲ.

ಲಿಂಕಿನ ಬಾಲ

ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಜಾಲತಾಣ ನಡೆಸುವವರಿಗೆ ಇದು ಮುಖ್ಯ. ಕನ್ನಡ ತಲೆಬರಹ ಹಾಕಿದ ಕೂಡಲೇ ಅದು ಅದನ್ನೇ ವಿಳಾಸವನ್ನಾಗಿಯೂ ಮಾಡುತ್ತದೆ. ವಿಳಾಸದೊಳಗೆ ಕನ್ನಡದ ಒಂದೊಂದು ಕೋಡ್ (ಅಕ್ಷರ, ಕಾಗುಣಿತದ ಗುರುತು, ಹಲಂತ ಪ್ರತಿಯೊಂದೂ ಒಂದು ಕೋಡ್) ಕೂಡ ಶೇಕಡಾ ಚಿಹ್ನೆಗಳ ಸಮೇತ 9 ಅಕ್ಷರದ ಸಂಕೇತವಾಗುತ್ತದೆ. ‘ಕನ್ನಡ’ ಎಂಬ ಪದದಲ್ಲಿ ಕ, ನ, ಹಲಂತ, ನ, ಡ ಎಂದು 5 ಕೋಡ್, ಹಾಗಾಗಿ 45 ಅಕ್ಷರ. ವರ್ಡ್‌ಪ್ರೆಸ್ ವಿಳಾಸದ ಈ ಭಾಗಕ್ಕೆ ಕೊಡುವ ಜಾಗ 200 ಅಕ್ಷರ ಮಾತ್ರ. ಇಪ್ಪತ್ತೆರಡು ಕೋಡಿಗೇ ಅದು ತುಂಬುತ್ತದೆ.

‘ಮಡಿಕೇರಿ ಮಳೆ ಶಾಲೆಗೆ ರಜೆ ಇಲ್ಲ’ ಎಂಬುದನ್ನೇ ಎಣಿಸಿ. ಮೊದಲ ನಾಲ್ಕು ಪದಕ್ಕೆ 19 ಕೋಡ್, ಅಂದರೆ 171. ನಡುವಿನ ಗೆರೆಗಳು 4, ಒಟ್ಟು 175. ಉಳಿದ 25ರಲ್ಲಿ ‘ಇ’ ಮತ್ತು ‘ಲ’ ಹಿಡಿದವು, ಒತ್ತಿಗೆ ಜಾಗವಿಲ್ಲ. ವಿಳಾಸ ‘ರಜೆ-ಇಲ’ ಎಂದು ನಿಲ್ಲುತ್ತದೆ. ‘ಈಗ’ ಎಂಬಂಥ ಎರಡು ಕೋಡಿನ ಪದ ಮೊದಲಲ್ಲಿ ಸೇರಿದ್ದರೆ ‘ರಜೆ’ ಎಂದೇ ನಿಲ್ಲುತ್ತಿತ್ತು. ಜೊತೆಗೆ, ವಾಟ್ಸ್‌ಆ್ಯಪಿಗೆ ನಕಲಿಸಿದಾಗ ಅರ್ಧ ಪರದೆ ತುಂಬುವ ಶೇಕಡಾ ಚಿಹ್ನೆಗಳ ಜಂಗುಳಿ ನೋಡಿ ಇದೇನೋ ವೈರಸ್ ಲಿಂಕ್ ಎಂದು ಹೆದರುವವರೂ ಇದ್ದಾರೆ.

ಆದ್ದರಿಂದ ವಿಳಾಸವನ್ನು ಕೈಯಾರೆ, ಇಂಗ್ಲಿಷ್ ಲಿಪಿಯಲ್ಲಿ, ನಾಲ್ಕೈದು ಚಿಕ್ಕ ಪದಗಳಲ್ಲಿ ಬರೆಯಿರಿ: ಊರು, ವಿಷಯ, ವರ್ಷ. ಓದುಗರು ಹುಡುಕುವಾಗಲೂ ಬಹಳ ಜನ ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲೇ ಒತ್ತುತ್ತಾರೆ, ಅದಕ್ಕೂ ಇದು ಒದಗುತ್ತದೆ. ಪ್ರಕಟವಾದ ಮೇಲೆ ವಿಳಾಸ ಬದಲಿಸಬೇಡಿ. ಹಳೆಯ ಲಿಂಕ್ ಹೊಸದಕ್ಕೆ ತಿರುಗದೇ ಹೋದರೆ ಈಗಾಗಲೇ ಗ್ರೂಪುಗಳಲ್ಲಿ ಇರುವುದು ಸತ್ತ ಲಿಂಕ್ ಆಗುವ ಸಂಭವ ಇದೆ.

ಪ್ರಿವ್ಯೂ ಎಂಬ ಚೀಟಿ

ಲಿಂಕ್ ಹಂಚಿದಾಗ ಕಾಣುವ ಫೋಟೊ, ತಲೆಬರಹ, ಎರಡು ಸಾಲಿನ ವಿವರಣೆ ಎಲ್ಲವೂ ಪುಟದೊಳಗೆ ಓದುಗರಿಗೆ ಕಾಣದಂತೆ ಇರುವ ಓಪನ್ ಗ್ರಾಫ್ ಎಂಬ ಟ್ಯಾಗುಗಳಿಂದ ಬರುತ್ತವೆ. ಬಹುತೇಕ ಎಸ್‌ಇಒ ಪ್ಲಗಿನ್‌ಗಳಲ್ಲಿ ಇದಕ್ಕೊಂದು ‘ಸೋಷಿಯಲ್’ ವಿಭಾಗ ಇರುತ್ತದೆ. ಪುಟದ ತಲೆಬರಹ ಉದ್ದ ಇದ್ದರೂ ಅಲ್ಲಿ ಚಿಕ್ಕದನ್ನು ಬೇರೆಯಾಗಿ ಕೊಡಬಹುದು. ವಿವರಣೆಯ ಜಾಗ ಖಾಲಿ ಬಿಟ್ಟರೆ ಪ್ಲಗಿನ್ ವರದಿಯ ಮೊದಲ ಸಾಲನ್ನೇ ಎತ್ತಿಕೊಳ್ಳುತ್ತದೆ, ಅದು ಸಾಮಾನ್ಯವಾಗಿ ‘ಮಡಿಕೇರಿ: ಜಿಲ್ಲೆಯಲ್ಲಿ ಕಳೆದ ಮೂರು ದಿನಗಳಿಂದ...’ ಎಂದಿರುತ್ತದೆ. ಒಂದು ಚೂರೂ ಪ್ರಯೋಜನವಿಲ್ಲ.

ಚಿತ್ರ 1200 x 630 ಪಿಕ್ಸೆಲ್ ಇರಲಿ, ತೂಕ 600 ಕೆಬಿ ಒಳಗೆ. ಅದನ್ನು ಮೀರಿದರೆ ವಾಟ್ಸ್‌ಆ್ಯಪ್ ಚಿತ್ರವನ್ನೇ ಬಿಟ್ಟು ಬರೀ ಅಕ್ಷರ ತೋರಿಸಬಹುದು. ‘ಫೋಟೊ ಹಾಕಿದ್ದೆ ಸಾರ್, ಬರ್ತಿಲ್ಲ’ ಎಂಬ ದೂರಿಗೆ ಬಹಳ ಸಲ ಕಾರಣ ಕ್ಯಾಮೆರಾದಿಂದ ನೇರ ಏರಿಸಿದ ನಾಲ್ಕು ಎಂಬಿ ಫೋಟೊ.

ತಲೆಬರಹ ತಿದ್ದಿದ ಮೇಲೂ ಹಳೆಯ ಪ್ರಿವ್ಯೂವೇ ಬರುತ್ತಿದ್ದರೆ ಅದು ಮೊದಲು ತೆಗೆದಿಟ್ಟ ಪ್ರತಿಯನ್ನೇ ತೋರಿಸುವ ಸಂಗ್ರಹದ (ಕ್ಯಾಶ್) ದೋಷ. ಫೇಸ್‌ಬುಕ್‌ಗೆ ಶೇರಿಂಗ್ ಡೀಬಗ್ಗರ್ ಇದೆ, ಲಿಂಕ್ ಹಾಕಿ ಮತ್ತೆ ಓದಿಸುವ ಗುಂಡಿ ಒತ್ತಿದರೆ ಹೊಸದಾಗುತ್ತದೆ. ವಾಟ್ಸ್‌ಆ್ಯಪಿಗೆ ಹಂಚುವಾಗ ವಿಳಾಸದ ತುದಿಗೆ ಪ್ರಶ್ನಾರ್ಥಕ ಚಿಹ್ನೆ, ಒಂದು ಅಕ್ಷರ, ಸಮ ಚಿಹ್ನೆ, 2 ಸೇರಿಸಿ (‘?v=2’ ಎಂಬಂತೆ). ಅದನ್ನು ಹೊಸ ವಿಳಾಸವೆಂದು ತಿಳಿದು ಪ್ರಿವ್ಯೂ ಹೊಸದಾಗಿ ಬರುತ್ತದೆ. ಆದರೆ ಈಗಾಗಲೇ ಹೋದ ಸಂದೇಶದ ಪ್ರಿವ್ಯೂ ಹೋದಂತೆಯೇ ಇರುತ್ತದೆ.

ಸುದ್ದಿಯನ್ನು ಚಿತ್ರವಾಗಿ ಹಂಚಲು ಅಕ್ಷರ ಇರುವ ಕಾರ್ಡ್ ಮಾಡುವುದಾದರೆ ಫೋಟೊಶಾಪಿನಲ್ಲಿ ಮೊದಲು ವರ್ಲ್ಡ್-ರೆಡಿ ಲೇಔಟ್ ಆನ್ ಮಾಡಿ, ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್. ಇಲ್ಲದಿದ್ದರೆ ಯೂನಿಕೋಡ್ ಕನ್ನಡದ ಒತ್ತುಗಳು ಕಳಚಿ ಸಾಲಿನಲ್ಲಿ ಚೆಲ್ಲಿಬೀಳುತ್ತವೆ. ‘ಯೂನಿಕೋಡ್ ಸರಿಯಿಲ್ಲ’ ಎಂದು ಡೆಸ್ಕುಗಳು ಹಳೆಯ ಫಾಂಟಿಗೆ ಮರಳುವುದು ಎಷ್ಟೋ ಸಲ ಈ ಒಂದು ಆಯ್ಕೆ ಗೊತ್ತಿಲ್ಲದ್ದಕ್ಕೆ. ಕಾರ್ಡಿನ ಮೇಲೆ ದಿನ, ತಿಂಗಳು, ವರ್ಷ ಮೂರೂ ಇರಲಿ, ಅದೂ ತಲೆಬರಹಕ್ಕೆ ತಾಗಿಕೊಂಡು. ಮೂಲೆಯಲ್ಲಿಟ್ಟರೆ ಯಾರೋ ಬೆರಳಲ್ಲಿ ಕತ್ತರಿಸಿ ಮುಂದೆ ಕಳಿಸುತ್ತಾರೆ.

ಬಂದ ಆದೇಶ, ಬಂದ ವಿಡಿಯೊ

ಜಿಲ್ಲಾಧಿಕಾರಿಯ ಹೆಸರಿನಲ್ಲಿ ಬಂದ ರಜೆ ಆದೇಶವನ್ನು ಓದುವಾಗ ದಿನಾಂಕ ಮತ್ತು ವಾರ ಹೊಂದುತ್ತವೆಯೇ ನೋಡಿ. ಹಳೆಯ ಪ್ರತಿಯನ್ನು ತಿದ್ದುವವರು ಇಸವಿ ಬದಲಿಸುತ್ತಾರೆ, ವಾರ ಮರೆಯುತ್ತಾರೆ. 2024ರ ಜುಲೈ 15 ಸೋಮವಾರ, 2025ರ ಜುಲೈ 15 ಮಂಗಳವಾರ. ಇಸವಿ ಅಂಕಿಯ ದಪ್ಪ, ಸುತ್ತಲಿನ ಬಿಳಿ, ಕಡತ ಸಂಖ್ಯೆಯೊಳಗಿನ ಇಸವಿ ಇವನ್ನೂ ಹಿಗ್ಗಿಸಿ ನೋಡಿ. ಎಲ್ಲ ಹೊಂದಿದರೂ ವಾರ್ತಾ ಇಲಾಖೆಯ ಜಿಲ್ಲಾ ಕಚೇರಿಗೋ ಶಿಕ್ಷಣ ಇಲಾಖೆಯ ಉಪನಿರ್ದೇಶಕರ (ಡಿಡಿಪಿಐ) ಕಚೇರಿಗೋ ಒಂದು ಕರೆ ಮಾಡಿಯೇ ಹಾಕಬೇಕು. ತಾಲ್ಲೂಕಿಗೆ ಮಾತ್ರ ಕೊಟ್ಟ ರಜೆ ಜಿಲ್ಲೆಗೇ ಎಂದು ಹೋಗುವುದು, ಪ್ರೌಢಶಾಲೆವರೆಗಿನದು ಪಿಯು ಕಾಲೇಜಿಗೂ ಎಂದು ಹೋಗುವುದು ನಕಲಿ ಆದೇಶಕ್ಕಿಂತ ಸಾಮಾನ್ಯ ತಪ್ಪು.

ವಿಡಿಯೊ ಆದರೆ ಮೂರು ನಾಲ್ಕು ಸ್ಪಷ್ಟ ಚೌಕಟ್ಟುಗಳ ಸ್ಕ್ರೀನ್‌ಶಾಟ್ ತೆಗೆದು, ಮೇಲೆ ಅಂಟಿಸಿದ ಬರಹ ಮತ್ತು ಲೋಗೊ ಕತ್ತರಿಸಿ, ಚಿತ್ರ ಕೊಟ್ಟರೆ ಹುಡುಕಿಕೊಡುವ ಗೂಗಲ್ ಲೆನ್ಸ್‌ನಲ್ಲೂ ಯಾಂಡೆಕ್ಸ್‌ನಲ್ಲೂ ಹುಡುಕಿ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗಬಹುದು. ಸಿಗದಿದ್ದರೆ ಎಡಬಲ ತಿರುಗಿಸಿ ಮತ್ತೆ ಹುಡುಕಿ. ಗುಡ್ಡ ಕುಸಿತದ ದೃಶ್ಯ ಬಂದರೆ ಮೊದಲು ಹೋಲಿಸಬೇಕಾದ್ದು 2018ರ ಆಗಸ್ಟ್‌ನ ಕೊಡಗು, 2024ರ ಜುಲೈ 16ರ ಅಂಕೋಲಾದ ಶಿರೂರು, ಅದೇ ಜುಲೈ 30ರ ವಯನಾಡು. ಈ ಮೂರರ ದೃಶ್ಯಗಳು ಎಲ್ಲರ ಫೋನಿನಲ್ಲೂ ಕುಳಿತಿವೆ.

ವಾಹನದ ನಂಬರ್ ಪ್ಲೇಟ್ ಒಳ್ಳೆಯ ಸುಳಿವು, ಆದರೆ ಯಾವ ವಾಹನ ಎಂಬುದು ಮುಖ್ಯ. ಕೆಎ 12 ಮಡಿಕೇರಿ, ಕೆಎ 19 ಮಂಗಳೂರು, ಕೆಎ 21 ಪುತ್ತೂರು ಎಂದು ಬಸ್ಸಿನ ಮೇಲೆ ಓದಿ ಊರು ತೀರ್ಮಾನಿಸಬೇಡಿ. ಪುತ್ತೂರಿನ ಸಾರಿಗೆ ಬಸ್ಸು ಮೈಸೂರಿನಲ್ಲೂ ಇರುತ್ತದೆ, ಬೆಂಗಳೂರಿನಲ್ಲೂ ಇರುತ್ತದೆ. ಆಟೊ, ಹಾಲಿನ ಗಾಡಿ, ನೀರಿನ ಟ್ಯಾಂಕರ್ ಸಾಮಾನ್ಯವಾಗಿ ಊರು ಬಿಟ್ಟು ದೂರ ಹೋಗುವುದಿಲ್ಲ, ಅವನ್ನು ನಂಬಬಹುದು. ಅಂಗಡಿ ಬೋರ್ಡು ಮಸುಕಾಗಿದ್ದರೆ ತೆಲುಗನ್ನು ಕನ್ನಡವೆಂದು ಓದಿಬಿಡುವುದು ಸುಲಭ. ತಲೆಕಟ್ಟನ್ನು ಹಿಗ್ಗಿಸಿ ನೋಡಿ.

ನಿಮ್ಮದೇ ವರದಿಗಾರರಿಂದ ಫೋಟೊ ತರಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಫೋಟೊ ಎಂದು ಕಳಿಸಿದರೆ ವಾಟ್ಸ್‌ಆ್ಯಪ್ ಅದನ್ನು ಕುಗ್ಗಿಸಿ, ತೆಗೆದ ಸಮಯ ಮತ್ತು ಸ್ಥಳದ ಮಾಹಿತಿಯನ್ನೂ ಅಳಿಸುತ್ತದೆ. ಇನ್ನು ‘ಚಿತ್ರಕೃಪೆ: ಗೂಗಲ್’ ಎಂದು ಬರೆಯುವ ಪದ್ಧತಿ. ಗೂಗಲ್ ಯಾರಿಗೂ ಕೃಪೆ ತೋರಿಲ್ಲ, ಫೋಟೊ ತೆಗೆದವರು ಬೇರೆ ಯಾರೋ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಮುಂದೆ ಆ ಸಾಲು ಅನುಮತಿ ಅನ್ನಿಸಿಕೊಳ್ಳುವುದಿಲ್ಲ.

ಮುಚ್ಚಬೇಕಾದ್ದನ್ನು ಮುಚ್ಚುವುದು

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಹೆಸರು, ಫೋಟೊ ಮಾತ್ರವಲ್ಲ, ವಿಳಾಸ, ಕುಟುಂಬದ ವಿವರ, ಶಾಲೆ, ನೆರೆಹೊರೆ ಯಾವುದನ್ನೂ ಹೊರಹಾಕಬಾರದು ಎನ್ನುತ್ತದೆ. ಶಿಕ್ಷೆ 6 ತಿಂಗಳಿಂದ 1 ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ನೌಕರ ಮಾಡಿದ ತಪ್ಪಿಗೆ ಮಾಲೀಕರೂ ಹೊಣೆ. ಅತ್ಯಾಚಾರ ಸಂತ್ರಸ್ತೆಯ ಗುರುತಿಗೆ ನ್ಯಾಯ ಸಂಹಿತೆಯ 72, ಕಾನೂನಿನೊಂದಿಗೆ ಸಂಘರ್ಷಕ್ಕೆ ಒಳಗಾದ ಮಕ್ಕಳಿಗೆ ಬಾಲನ್ಯಾಯ ಕಾಯ್ದೆಯ 74. ನಗರದಲ್ಲಿ ಬಡಾವಣೆ ಹೆಸರು ಬರೆದರೆ ಸಾವಿರ ಮನೆ. ಇನ್ನೂರು ಮನೆಯ ಹಳ್ಳಿಯಲ್ಲಿ ‘ಟೈಲರ್ ಒಬ್ಬರ ಮಗಳು’ ಎಂದರೆ ಹೆಸರು ಬರೆದಂತೆಯೇ. ಆರೋಪಿ ಚಿಕ್ಕಪ್ಪ ಎಂದು ಬರೆದು ಅವನ ಹೆಸರು ಹಾಕಿದರೂ ಹಾಗೆಯೇ. ತಾಲ್ಲೂಕಿನ ಹೆಸರಿಗೆ ನಿಲ್ಲಿಸಿ.

ಎಫ್‌ಐಆರ್ ಪ್ರತಿ ಹಾಕುವಾಗ ಫೋನಿನ ಹೈಲೈಟರ್ ಪೆನ್ನಿನಿಂದ ಕಪ್ಪು ಬಳಿಯುವುದು ಬಹಳ ಕಡೆ ಕಾಣುತ್ತದೆ. ಆ ಪೆನ್ನು ಅರೆಪಾರದರ್ಶಕ. ಯಾರಾದರೂ ಬೆಳಕು ಏರಿಸಿದರೆ ಅಡಿಯ ಅಕ್ಷರ ಎದ್ದು ಕಾಣುತ್ತದೆ. ತುಂಬಿದ ಕಪ್ಪು ಚೌಕ ಇಟ್ಟು, ಅದರ ಸ್ಕ್ರೀನ್‌ಶಾಟ್ ತೆಗೆದು, ಆ ಸ್ಕ್ರೀನ್‌ಶಾಟನ್ನೇ ಹಾಕಿ. ಪಿಡಿಎಫ್ ಮೇಲೆ ಚೌಕ ಎಳೆದರೆ ಅಡಿಯ ಬರಹ ನಕಲಿಸಲು ಸಿಗುತ್ತದೆ, ಆದ್ದರಿಂದ ಪಿಡಿಎಫನ್ನು ಎಂದೂ ಹಾಗೇ ಏರಿಸಬೇಡಿ.

ಎಕ್ಸ್, ಯೂಟ್ಯೂಬ್

ಎಕ್ಸ್‌ನ 280ರ ಮಿತಿಯಲ್ಲಿ ಕನ್ನಡದ ಪ್ರತಿ ಕೋಡ್ ಒಂದು ಎಣಿಕೆ. ‘ಸ್ತ್ರೀ’ ಕಣ್ಣಿಗೆ ಒಂದಕ್ಷರ, ಎಣಿಕೆಗೆ ಆರು. ಇಷ್ಟು ನೆನಪಿದ್ದರೆ ಸಾಕು.

ಯೂಟ್ಯೂಬಿನಲ್ಲಿ ಜಾತ್ರೆ, ಗಣೇಶೋತ್ಸವ, ರಾಜ್ಯೋತ್ಸವದ ವಿಡಿಯೊಗಳಿಗೆ ಬರುವ ಕುತ್ತು ಎಂದರೆ ಹಿನ್ನೆಲೆಯ ಧ್ವನಿವರ್ಧಕ. ಚಿತ್ರಗೀತೆಯ ಕೆಲವೇ ಸೆಕೆಂಡಿಗೂ ಯೂಟ್ಯೂಬಿನ ಹಾಡು ಗುರುತಿಸುವ ವ್ಯವಸ್ಥೆಯಿಂದ ಹಕ್ಕು ಸಾಧಿಸುವ ನೋಟಿಸ್ (ಕಂಟೆಂಟ್ ಐಡಿ ಕ್ಲೇಮ್) ಬರಬಹುದು, ಆಗ ಆ ವಿಡಿಯೊದ ಆದಾಯ ಹಾಡಿನ ಹಕ್ಕುದಾರರಿಗೆ ಹೋಗಬಹುದು. ಕ್ಲೇಮ್ ಎಂದರೆ ಸ್ಟ್ರೈಕ್ (ಉಲ್ಲಂಘನೆಗೆ ಕೊಡುವ ಎಚ್ಚರಿಕೆ) ಅಲ್ಲ, ಗಾಬರಿ ಬೇಡ. ಯೂಟ್ಯೂಬ್ ಸ್ಟುಡಿಯೊದಲ್ಲಿ ಹಾಡನ್ನಷ್ಟೇ ಅಳಿಸುವ ಅಥವಾ ಆ ಭಾಗದ ಶಬ್ದ ಮುಚ್ಚುವ ಆಯ್ಕೆ ಇದೆ. 90 ದಿನದೊಳಗೆ ಮೂರು ಹಕ್ಕುಸ್ವಾಮ್ಯ ಸ್ಟ್ರೈಕ್ ಬಂದರೆ ಮಾತ್ರ ಚಾನೆಲ್ಲೇ ಹೋಗುತ್ತದೆ. ವರದಿಗಾರರಿಗೆ ಮೊದಲೇ ಹೇಳಿಡಿ: ಬೈಟ್ (ಕ್ಯಾಮೆರಾ ಮುಂದಿನ ಹೇಳಿಕೆ) ಅನ್ನು ಸ್ಪೀಕರಿಗೆ ಬೆನ್ನು ಹಾಕಿ, ಕಾಲರ್ ಮೈಕಿನಲ್ಲಿ ತೆಗೆಯಿರಿ, ಹಾಡು ನಿಂತಾಗ ಒಂದು ನಿಮಿಷ ಜನರ ಗದ್ದಲ, ಡೊಳ್ಳು, ಗಂಟೆ ಪ್ರತ್ಯೇಕ ಹಿಡಿದುಕೊಳ್ಳಿ, ಎಡಿಟಿಂಗಿನಲ್ಲಿ ಅದು ಹಿನ್ನೆಲೆಗೆ ಬರುತ್ತದೆ.

ಥಂಬ್‌ನೇಲ್‌ನ ಬಲ ಕೆಳಮೂಲೆಯಲ್ಲಿ ಅಕ್ಷರ ಇಡಬೇಡಿ. ಅವಧಿ ತೋರಿಸುವ ಕಪ್ಪು ಪಟ್ಟಿ ಅಲ್ಲೇ ಕೂರುತ್ತದೆ. ಕನ್ನಡ ವಾಕ್ಯದ ಕೊನೆಯ ಪದವೂ ಸಾಮಾನ್ಯವಾಗಿ ಅಲ್ಲೇ ಬರುವುದರಿಂದ ‘ಇಲ್ಲ’ ಮತ್ತೆ ಮಾಯ.

ತಪ್ಪಾದ ಮೇಲೆ

ವಾಟ್ಸ್‌ಆ್ಯಪಿನಲ್ಲಿ ಕಳಿಸಿದ ಸಂದೇಶ ತಿದ್ದಲು 15 ನಿಮಿಷ, ಎಲ್ಲರಿಗೂ ಅಳಿಸಲು ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಸಮಯ ಸಿಗುತ್ತದೆ. ಚಾನೆಲ್‌ನಲ್ಲಾದರೆ 30 ದಿನದವರೆಗೆ ತಿದ್ದಬಹುದು. ಆದರೆ ಮುಂದಕ್ಕೆ ಹೋದ ಪ್ರತಿಗಳಿಗೆ ಇದ್ಯಾವುದೂ ಮುಟ್ಟುವುದಿಲ್ಲ. ಆದ್ದರಿಂದ ಸದ್ದಿಲ್ಲದೆ ಅಳಿಸುವುದು ಅತಿ ಕೆಟ್ಟ ದಾರಿ: ನಿಮ್ಮ ಕಡೆ ಸರಿಯಾದದ್ದೂ ಇಲ್ಲ, ಊರ ತುಂಬ ತಪ್ಪಾದದ್ದೇ ಇದೆ.

ವರದಿಯ ನೆತ್ತಿಯ ಮೇಲೆ ಏನು ತಪ್ಪಾಗಿತ್ತು, ಸರಿ ಯಾವುದು, ಎಷ್ಟು ಗಂಟೆಗೆ ತಿದ್ದಲಾಯಿತು ಎಂದು ಎರಡು ಸಾಲು ಹಾಕಿ. ವಿಳಾಸ ಅದೇ ಇರಲಿ. ಯೂಟ್ಯೂಬಿನಲ್ಲಿ ಅದೇ ಲಿಂಕಿಗೆ ಬೇರೆ ವಿಡಿಯೊ ಹಾಕಲಾಗದು, ತಪ್ಪಿದ ಭಾಗವನ್ನು ಸ್ಟುಡಿಯೊದಲ್ಲಿ ಕತ್ತರಿಸಿ ಕಾಮೆಂಟ್ ಪಿನ್ ಮಾಡಿ. ಕಾರ್ಡ್ ತಪ್ಪಾಗಿದ್ದರೆ ಅದೇ ಬಣ್ಣ, ಅದೇ ವಿನ್ಯಾಸದಲ್ಲಿ ಹೊಸ ಕಾರ್ಡ್ ಮಾಡಿ, ‘ತಿದ್ದುಪಡಿ’ ಎಂಬ ಪದ ಮೊದಲು ಬರಲಿ. ಹಳೆಯ ಕಾರ್ಡನ್ನು ಪಕ್ಕದಲ್ಲಿಟ್ಟು ಅಡ್ಡ ಗೆರೆ ಎಳೆದು ತೋರಿಸುವ ಆಸೆ ಬೇಡ. ಯಾರೋ ಆ ಅರ್ಧವನ್ನೇ ಕತ್ತರಿಸಿ ಹೊಸದಾಗಿ ಓಡಿಸುತ್ತಾರೆ. ಹೊಸ ಕಾರ್ಡ್ ಹೋಗಬೇಕಾದ್ದು ತಪ್ಪು ಹೋದ ಗ್ರೂಪುಗಳಿಗೇ. ಅದಕ್ಕಾಗಿ ಯಾವ ಸುದ್ದಿ ಎಷ್ಟು ಗಂಟೆಗೆ ಯಾವ ಯಾವ ಗ್ರೂಪಿಗೆ ಹೋಯಿತು ಎಂದು ಒಂದು ಶೀಟಿನಲ್ಲಿ ಗುರುತು ಹಾಕಿಕೊಂಡಿರಬೇಕು. ಒಮ್ಮೆಗೆ ಐದು ಚಾಟಿಗಿಂತ ಹೆಚ್ಚಿಗೆ ಫಾರ್ವರ್ಡ್ ಮಾಡಲು ಬಿಡುವುದಿಲ್ಲವಾದ್ದರಿಂದ ನಲವತ್ತು ಗ್ರೂಪಿಗೆ ಎಂಟು ಸುತ್ತು. ಶಾಲೆ, ಪೋಷಕರ ಗ್ರೂಪುಗಳನ್ನು ಮೊದಲ ಸುತ್ತಿನಲ್ಲೇ ಮುಗಿಸಿಕೊಳ್ಳಿ.